ನೆರಳಿಗೆಂದು ಇಟ್ಟ ಕಾಫಿ ಡ್ರಮ್ಮುಗಳು

ಯಶೋದ ಕೋಂ ನಿಂಗರಾಜು, 38 ವರ್ಷ, ಕಾಫಿ ಹಣ್ಣು ಹದ ಮಾಡಿ ಒಣಗಿಸುವ ಕೆಲಸ, ವಾಸ ಬೆಟ್ಟದಹೊಸಪಾಳ್ಯ, ಯಳಂದೂರು ತಾಲ್ಲೂಕು, ಆದ ನಾನು ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಮ್ಮೂರು ಕಾಡಂಚಿನಿಂದ 400 ಮೀಟರ್ ದೂರದಲ್ಲಿರುತ್ತದೆ. ಆನೆ ಕಾಟ ತಾಳಲಾರದೆ ಎರಡು ವರ್ಷದ ಹಿಂದೆ ಊರಿನವರೆಲ್ಲ ಕೂತು, ಬಾಳೆಗೊನೆಯನ್ನು ಕಾಯಿ ಇರುವಾಗಲೇ ಕಡಿದು ಅದೇ ದಿನ ಮಾರಬೇಕು, ಹಣ್ಣನ್ನು ಯಾರೂ ಮನೆಯಲ್ಲಿ ಇಡಬಾರದು ಎಂದು ಕಟ್ಟು ಮಾಡಿಕೊಂಡಿರುತ್ತೇವೆ. ಅದಕ್ಕೆ ನಾನೂ ಒಪ್ಪಿದ್ದೆ.

ದಿನಾಂಕ 09-01-2025ರಂದು ಸಂಜೆ 4 ಗಂಟೆಗೆ, ಮೈಸೂರಿನ ಕಾಫಿ ವ್ಯಾಪಾರಿ ಉದಯಕುಮಾರ್‌ರವರು ಕಲಿಸಿದಂತೆ, ಬೆಟ್ಟದಿಂದ ತರಿಸಿದ 160 ಕೆ.ಜಿ. ಕಾಫಿ ಹಣ್ಣಿಗೆ 30 ಕೆ.ಜಿ. ಕಳಿತ ಬಾಳೆಹಣ್ಣು ಕಿವುಚಿ ಬೆರೆಸಿ, ಎರಡು ಡ್ರಮ್ಮಿಗೆ ತುಂಬಿ ಹುಳಿಯಲು ಬಿಟ್ಟಿರುತ್ತೇನೆ. ಹೀಗೆ ಹುಳಿಸಿದರೆ ಕಾಫಿಗೆ ಹಣ್ಣಿನ ರುಚಿ ಬರುತ್ತದೆ. 96 ಗಂಟೆ ಮುಚ್ಚಳ ತೆಗೆಯಬಾರದು, ಬಿಸಿಲು ತಾಗಬಾರದು ಎಂದು ಅವರು ಹೇಳಿದ್ದರು. ನಮ್ಮ ಮನೆಗೆ ದಿನವಿಡೀ ಬಿಸಿಲು. ಆದ್ದರಿಂದ ಪಕ್ಕದ ಮನೆಯ ಚಿಕ್ಕಮಾದಮ್ಮ, 64 ವರ್ಷ, ಇವರನ್ನು ಕೇಳಿ ಅವರ ಹಿತ್ತಿಲ ಗೋಡೆಯ ನೆರಳಿಗೆ ಇಟ್ಟೆ. ಅವರ ಹಿಂಬಾಗಿಲಿಗೆ 8 ಅಡಿ, ನನ್ನ ಬಾಗಿಲಿಗೆ 40 ಅಡಿ. ಒಳಗಿರುವುದು ಕಾಫಿ ಎಂದಷ್ಟೇ ಹೇಳಿದೆ. ಮುಚ್ಚಳ ಬಿಗಿಯಿದ್ದರೆ ಆನೆಗೆ ಹೇಗೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಒಳಗಿನ ಗಾಳಿ ಹೋಗಲೆಂದು ಮುಚ್ಚಳಕ್ಕೆ ನಾನೇ ಪೈಪು ಹಾಕಿದ್ದೆ. ವಾಸನೆಯೂ ಅದರಲ್ಲೇ ಹೋಗುತ್ತದೆ ಎಂಬುದು ನನ್ನ ದರಿದ್ರ ತಲೆಗೆ ಹೊಳೆಯಲಿಲ್ಲ.

ದಿನಾಂಕ 11-01-2025ರಂದು ಸಂಜೆ 5.30ಕ್ಕೆ ಚಿಕ್ಕಮಾದಮ್ಮನವರು, "ಬಾಳೆಅಣ್ಣಿನ ವಾಸ್ನ ಬತ್ತಾ ಅದಲ್ಲ ಕಣವ್ವ" ಎಂದಿರುತ್ತಾರೆ. ನಾನು, "ಕಾಫಿನೇ ಅಂಗೆ ಗಮ್ಮಂತದೆ ದೊಡ್ಡವ್ವ, ಓಗು ಒಳಿಕೆ" ಎಂದು ನಕ್ಕು ಕಳುಹಿಸಿರುತ್ತೇನೆ.

ಮಾರನೆಯ ದಿನ ಬೆಳಿಗ್ಗೆ 6.10ಕ್ಕೆ ಒಂಟಿ ಸಲಗ ಬಂದು ಒಂದು ಡ್ರಮ್ಮನ್ನು ಉರುಳಿಸಿತು. ಮುಚ್ಚಳ ಬಿಚ್ಚಲಿಲ್ಲ. ಸದ್ದಿಗೆ ಚಿಕ್ಕಮಾದಮ್ಮನವರು ಕರು ಬಿಚ್ಚಿಕೊಂಡಿದೆ ಎಂದು ತಿಳಿದು ಅದನ್ನು ಕೂಗುತ್ತಾ ಹಿಂಬಾಗಿಲು ತೆರೆದರು. ನಾನು ಕಿಟಕಿಯಲ್ಲಿದ್ದೆ. ಕಿರುಚಿದೆ. ನನ್ನ ಗಂಡ ತಟ್ಟೆ ಬಡಿದರು. ಅಷ್ಟರಲ್ಲಿ ಆನೆ ಚಿಕ್ಕಮಾದಮ್ಮನವರನ್ನು ಕೆಡವಿ ತುಳಿಯಿತು. ನಮ್ಮ ಬಾಗಿಲ ಚಿಲಕದ ಮೇಲೆ ಕೈ ಇಟ್ಟ ನನಗೆ ಅದನ್ನು ತೆಗೆಯಲು ಆಗಲಿಲ್ಲ. ಆನೆ 6.25ಕ್ಕೆ ಕಾಡಿನ ಕಡೆ ಹೋಯಿತು. ಆಂಬ್ಯುಲೆನ್ಸ್ 6.55ಕ್ಕೆ ಬಂತು. ಆಸ್ಪತ್ರೆ ತಲುಪುವ ಮುಂಚೆಯೇ ಅವರು ತೀರಿಕೊಂಡಿದ್ದರು.

ಮಗಳು ಸಂಕ್ರಾಂತಿಗೆ ಬರುತ್ತಾಳೆಂದು ಮುದುಕಿ ಕದ್ದು ಹಣ್ಣು ಇಟ್ಟಿದ್ದಳು, ಅದಕ್ಕೇ ಆನೆ ಬಂತು ಎಂದು ಊರಿನವರು ಆಡಿಕೊಳ್ಳುತ್ತಿದ್ದಾರೆ. 13ರಂದು ಮಣ್ಣು ಮಾಡಿದ ಮೇಲೆ ಆ ಮಗಳು ಪುಷ್ಪ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ನಮ್ಮವ್ವ ಅಣ್ಣು ಮಡಗಿದ್ಲಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅದು ಸುಳ್ಳು. ಅದೇ ದಿನ ಸಂಜೆ 4ಕ್ಕೆ, 96 ಗಂಟೆ ತುಂಬಿದ್ದರಿಂದ, ಡ್ರಮ್ಮುಗಳ ಮುಚ್ಚಳ ತೆಗೆದೆ. ಕಾಫಿ ಇಷ್ಟು ಚೆನ್ನಾಗಿ ಹಿಂದೆಂದೂ ಹದ ಬಂದಿರಲಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಇಂದು ಬೆಳಿಗ್ಗೆ 8 ಗಂಟೆಗೆ ಪುಷ್ಪ ತಾಯಿಯ ಮನೆಯ ಅಟ್ಟ ಹತ್ತಿ, ಒಂದೊಂದೇ ಮಡಕೆ ಇಳಿಸಿ ಬಾಳೆಹಣ್ಣು ಹುಡುಕುತ್ತಿದ್ದುದನ್ನು ಕಂಡೆ. ಅಲ್ಲಿಂದ ನೇರವಾಗಿ ಇಲ್ಲಿಗೆ ಬಂದಿರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ಎಲ್ಲವೂ ನಿಜ. ಪುಷ್ಪಳ ಮುಂದೆ ನಿಂತು ಇದನ್ನು ಹೇಳಲು ನನ್ನಿಂದ ಆಗುತ್ತಿಲ್ಲ. ಠಾಣೆಯಿಂದಲೇ ಯಾರಾದರೂ ಬೇಗ ಹೋಗಿ, ಹುಡುಕುವುದನ್ನು ನಿಲ್ಲಿಸುವಂತೆ ಆಕೆಗೆ ತಿಳಿಸಬೇಕೆಂದು ಕೋರುತ್ತೇನೆ.

ಸ್ಥಳ: ಯಳಂದೂರು ತಾಲ್ಲೂಕು
ದಿನಾಂಕ: 14-01-2025
ಸಹಿ: ಯಶೋದ