ಸರಿ ಮಾಡಿದ ಬಟ್ಟಲು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಪಿಂಗಾಣಿ ರಿಪೇರಿ ಅಂಗಡಿಯಲ್ಲಿ ನಾವು ಮೂವರು ಕೆಲಸಗಾರರು ಬಾಗಿಲು ಎಳೆದುಕೊಂಡು ಕುಳಿತಿದ್ದೆವು. ಮೇಲಿನ ಹಲಗೆಯ ಬಟ್ಟಲನ್ನು ಯಾಕೆ ಮಾರುವುದಿಲ್ಲ ಎಂದು ನಾನು ಕೇಳಿದ್ದೇ ತಡ, ಅಂಗಡಿಯ ಹಿರಿಯರು, ನಾವೆಲ್ಲ ಅಂಟಜ್ಜ ಎಂದು ಕರೆಯುವವರು, ಕನ್ನಡಕ ತೆಗೆದು ಮೇಜಿಗೆ ಕುಕ್ಕಿದರು.

"ಮಾರೋದಂತೆ! ಮೊದ್ಲು ಕೇಳಿಸ್ಕೊಳ್ಳಿ, ಆಮೇಲೆ ಬಾಯಿ ಬಿಡಿ... ಮುನ್ನೂರು ವರ್ಷದ ಹಿಂದೆ ಚೀನಾದಲ್ಲಿ ಮಾಡಿದ ಬಟ್ಟಲು ಅದು, ಒಳಗೆ ಸುತ್ತ ಕುರಾನಿನ ಸಾಲು, ನಡುವೆ ಒಂಬತ್ತು ಮನೆಯ ತಾಯಿತದ ಚೌಕ, ಮನೆಗೊಂದು ಅರಬ್ಬಿ ಅಂಕೆ, ಯಾವ ಕಡೆಯಿಂದ ಕೂಡಿದ್ರೂ ಹದಿನೈದು ಬರ್ಬೇಕು. ಕಾಯಿಲೆಯವರಿಗೆ ಅದರಲ್ಲಿ ನೀರು ಕುಡಿಸೋರು. ಪಕ್ಕದ ಬೀದಿಲಿ ಬಟ್ಟೆ ಹೊಲಿಯೋ ಹೆಂಗಸು ಒಬ್ಬಳು ಅದು ಎರಡು ಹೋಳಾಯ್ತು ಅಂತ ತಂದ್ಲು. ನಾಲ್ಕು ವರ್ಷದ ಮಗಳಿಗೆ ಬಿಡದ ಜ್ವರ. 'ಬರೀ ಅಂಟಿಸಿ ಕೊಡಿ ಅಣ್ಣಾ, ನಾಳೇನೇ ಬೇಕು, ನಮ್ಮನೇಲಿ ಎಲ್ಲಾ ಇದ್ರಲ್ಲೇ ಕುಡಿದು ಎದ್ದವರು' ಅಂದ್ಲು.

"ಅಂಟಿಸಿ ಕೊಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು? ಇಲ್ಲ... ಕೂಡಿ ನೋಡ್ದೆ. ಕೆಳಗಿನ ಸಾಲು ಹನ್ನೊಂದು! ಅರಬ್ಬಿ ಬಾರದ ಆ ಚೀನೀ ಚಿತ್ರಗಾರ ಆರು ಬರೆಯೋ ಕಡೆ ಎರಡು ಬರೆದಿದ್ದ. ನನಗೋ, ತಪ್ಪು ಕಂಡ್ರೆ ಕೈ ತುರಿಸುತ್ತೆ. ಬಿಳಿ ಬಣ್ಣ ಬಳಿದು ಆರು ಬರೆದೆ. ಬೆಳಿಗ್ಗೆ ಬಂದು ನೋಡಿದ್ರೆ... ಎರಡು! ಮತ್ತೆ ಬರೆದೆ, ಮತ್ತೆ ಎರಡು. ಬೀಗದ ಕೈ ನನ್ನ ಸೊಂಟದಲ್ಲಿ, ಒಳಗೆ ಕುಂಚ ಮಾತ್ರ ಒದ್ದೆ. ಸತ್ತು ಮುನ್ನೂರು ವರ್ಷ ಆದವನ ಹತ್ರ ಹಟಕ್ಕೆ ಬಿದ್ದೆನಲ್ಲ, ನನಗೇನು ಬುದ್ಧಿ ಇತ್ತೇ? ಆ ತಾಯಿ ದಿನಾ ಬಾಗಿಲಲ್ಲಿ ನಿಂತು ಹೋಗೋಳು. ನಾನು 'ನಾಳೆ ಬಾಮ್ಮ' ಅನ್ನೋನು. ಐದನೇ ದಿನ ರೇಗಿಹೋಗಿ, ಆ ಹೋಳನ್ನ ಭಟ್ಟಿಗೆ ಹಾಕಿ ಸುಟ್ಟೆ. ಆರು ಗಟ್ಟಿಯಾಗಿ ಕೂತ್ಕೊಂಡ್ತು. ಅಂಟಿಸಿ, ಗೆದ್ದೆ ಅಂತ ಬೀಗ್ತಾ ಕೊಟ್ಟೆ.

"ಮಗು ಒಂದು ಗುಟುಕೂ ಕುಡೀಲಿಲ್ಲ. ತುಂಬಿದ ಬಟ್ಟಲನ್ನ ಬಾಯಿ ಹತ್ರ ತಂದ್ರೆ ಒಳಗೆ ನೀರೇ ಇರ್ತಿರಲಿಲ್ವಂತೆ... ಮೂರನೇ ದಿನ ಹೋಗಿಬಿಡ್ತು. ತಾಯಿ ಬಟ್ಟಲು ತಂದು ಈ ಮೇಜಿನ ಮೇಲಿಟ್ಟು ಹೋದ್ಲು. ಬೈದಿದ್ರಾದ್ರೂ ಆಗ್ತಿತ್ತು ಕಣ್ರೋ! ಅವರ ಮನೆಯವರೆಲ್ಲ ಕುಡಿದು ಎದ್ದಿದ್ದು ಆ ತಪ್ಪು ಎರಡಿದ್ದ ಬಟ್ಟಲಲ್ಲೇ ಅಲ್ವಾ...

"ಉಜ್ಜಿದೆ, ಕೆರೆದೆ, ನಲವತ್ತು ವರ್ಷ ಆ ದರಿದ್ರ ಆರು ಜಗ್ಗಲಿಲ್ಲ. ನಾನು ಬಾಗಿಲು ಎಳೆದ ಕೂಡ್ಲೇ ಆ ಚಿತ್ರಗಾರನೂ ಒಳಗೆ ಕೆರೀತಿದ್ದ, ಹೊರಗೆ ನಿಂತು ಕೇಳಿದೀನಿ. ಹೋದ ವಾರ ನೋಡ್ತೀನಿ... ಎರಡಾಗಿದೆ. ಈಗ ಯಾರಿಗೋಸ್ಕರ ಮಾಡಿದ್ಯಪ್ಪಾ ಅಂತ ಕೂಗಾಡಿದೆ. ಅವತ್ತಿಂದ ದಿನಾ ಬೆಳಿಗ್ಗೆ ಬಟ್ಟಲಲ್ಲಿ ನೀರು. ನಾನು ತುಂಬಿಸೋದಲ್ಲ... ಅರ್ಧ ಕುಡಿದಿರುತ್ತೆ, ಅಂಚಲ್ಲಿ ಪುಟ್ಟ ತುಟಿಯ ಗುರುತು."