ಜೈನುದ್ದೀನನ ಬಲಗೈ ಕಳುವಾದ ಬಗ್ಗೆ

ಹೆಸರು ಗುಡುಸಾಬ ತಂದೆ ಅಬ್ದುಲರಜಾಕ, ವಯಸ್ಸು ಅಂದಾಜು 58, ಕಸುಬು ಕಬರಸ್ತಾನದಲ್ಲಿ ಗೋರಿ ತೋಡುವುದು ಮತ್ತು ಅಲ್ಲಿಯೇ ಕಾವಲು, ಸಾಕಿನ್ ಸಿಂದಗಿ, ಜಿಲ್ಲಾ ಬಿಜಾಪುರ. ಈ ದಿನ ಬೆಳಿಗ್ಗೆ 9-30 ಗಂಟೆಗೆ ಠಾಣೆಗೆ ಖುದ್ದು ಬಂದು ಹೇಳಿ ಬರೆಸುವುದೇನೆಂದರೆ,

ನನ್ನ ತಂದೆಯ ಕಾಲದಿಂದಲೂ ನಮ್ಮದು ಇದೇ ಕೆಲಸ. ನಾನು ಮಣ್ಣು ಮಾಡಿದ್ದೆಲ್ಲ ಸತ್ತವರನ್ನು. ಬದುಕಿರುವವನ ಅಂಗವನ್ನು ಹೂಳಿದ್ದು ಒಮ್ಮೆ ಮಾತ್ರ. ಈಗ ಕಳುವಾಗಿರುವುದು ಅದೇ.

ದಿನಾಂಕ 11-3-1974 ಸೋಮವಾರ ಮಧ್ಯಾಹ್ನ ಸುಮಾರು 3-30 ಗಂಟೆಗೆ ಧರೆಪ್ಪನೆಂಬವನು ಸೈಕಲ್ ಮೇಲೆ ಕಬರಸ್ತಾನಕ್ಕೆ ಬಂದನು. ಇವನು ಊರ ಹೊರಗಿರುವ ಶ್ರೀಶೈಲಪ್ಪ ಸಾವಕಾರರ ತೊಗರಿಬೇಳೆ ಗಿರಣಿಯಲ್ಲಿ ಆಳುಗಳ ಮೇಲಿನ ಮುಕಾದಮ. ಧರೆಪ್ಪನ ತಲೆಯ ಮೇಲೆ ರುಮಾಲು ಇರಲಿಲ್ಲ. ಅವನನ್ನು ಬರಿದಲೆಯಲ್ಲಿ ನಾನು ಎಂದೂ ನೋಡಿದವನಲ್ಲ. ಆ ರುಮಾಲಿನಲ್ಲಿ ಏನನ್ನೋ ಸುತ್ತಿ ಎದೆಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಸೈಕಲ್ ಹೊಡೆದುಕೊಂಡು ಬಂದಿದ್ದನು. "ಕಾಕಾ, ನಮ್ಮ ಜೈನುದ್ದೀನನ ಕೈ ಗಿರಣಿ ಮಶೀನಿನ ಪಟ್ಟಾದಾಗ ಸಿಕ್ಕು ಹೋತ್ರಿ. ಅವನ್ನ ಸಾವಕಾರ್ರು ಜೀಪಿನ್ಯಾಗ ಸೊಲ್ಲಾಪುರಕ್ಕ ಒಯ್ದಾರ. ಇದನ್ನ ಏನ್ ಮಾಡ್ಬೇಕೋ ನನಗ ತಿಳೀವಲ್ದು. ನಿಮ್ಮ ಪದ್ಧತಿ ಹ್ಯಾಂಗ ಐತಿ ಹಂಗ ಮಾಡ್ರಿ" ಎಂದು ಹೇಳಿ ಕೆಳಗೆ ಕುಳಿತು ಅತ್ತನು.

ಬಿಚ್ಚಿ ನೋಡಲಾಗಿ ಮೊಣಕೈಯಿಂದ ಕೆಳಗಿನ ಬಲಗೈ ಇತ್ತು. ಉಗುರುಗಳಲ್ಲಿ ಬೇಳೆಯ ಹಳದಿ ಹುಡಿ ಹಾಗೆಯೇ ಇತ್ತು. ಜೈನುದ್ದೀನ ನಮ್ಮ ಓಣಿಯವನು, ವಯಸ್ಸು 24, ಅವನ ತಂದೆಯ ಗೋರಿ ತೋಡಿದವನೂ ನಾನೇ. ಸಣ್ಣವನಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಕಿರುಬೆರಳಿನಿಂದ ಅದು ಅವನದೇ ಕೈ ಎಂದು ಗುರುತಿಸಿದೆನು. ಮೌಲ್ವಿಯವರನ್ನು ಕೇಳಲಾಗಿ, ಬದುಕಿರುವವನ ಅಂಗಕ್ಕೆ ನಮಾಜು ಇಲ್ಲ, ಶುಭ್ರ ಬಟ್ಟೆಯಲ್ಲಿ ಸುತ್ತಿ ಮರ್ಯಾದೆಯಿಂದ ಹೂಳಬೇಕೆಂದು ತಿಳಿಸಿದರು. ಅದರಂತೆ ಧರೆಪ್ಪನ ಎದುರಿನಲ್ಲಿಯೇ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಅವನ ತಂದೆಯ ಗೋರಿಯ ಕಾಲ ಕಡೆ ಒಂದೂವರೆ ಮೊಳದ ಕುಣಿ ತೋಡಿ ಹೂತು ಮೇಲೆ ಕಲ್ಲು ನಿಲ್ಲಿಸಿದೆನು. ಕೂಸುಗಳಿಗೆ ಇಂಥ ಸಣ್ಣ ಕುಣಿ ಎಷ್ಟೋ ತೋಡಿದ್ದೇನೆ. ಆದರೆ ಆ ದಿನ ಸಲಿಕೆ ನನ್ನ ಮಾತು ಕೇಳಲಿಲ್ಲ.

ಇಪ್ಪತ್ತು ದಿನಗಳ ಮೇಲೆ ಜೈನುದ್ದೀನ ಊರಿಗೆ ಬಂದನು. ಸೊಲ್ಲಾಪುರದ ಖಾಸಗಿ ಡಾಕ್ಟರರ ಕಾಗದಪತ್ರಗಳೆಲ್ಲ ಸಾವಕಾರರ ಬಳಿಯೇ ಉಳಿದವು. ಅವನು ಕಬರಸ್ತಾನಕ್ಕೆ ಬಂದು ಕಲ್ಲಿನ ಮುಂದೆ ಬಹಳ ಹೊತ್ತು ನಿಂತು, ಬೆರಳು ಯಾವ ಕಡೆಗೆ ಇವೆ ಎಂದು ನನ್ನನ್ನು ಕೇಳಿದನು. ತೋರಿಸಿದೆನು. "ಇನ್ನೂ ತುರಸ್ತಾವು ಕಾಕಾ" ಎಂದನು. ಒಂದು ಬೀಡಿ ಕೊಟ್ಟು ನಾನೇ ಕಡ್ಡಿ ಗೀರಿ ಹಚ್ಚಿದೆನು. ಅವನ ತಾಯಿ ಗೌಸಬಿ ಪ್ರತಿ ಗುರುವಾರ ಹೂವು ತರತೊಡಗಿದಳು. ಮಗ ಜೀವಂತ ಇದ್ದಾನೆ, ಅವನ ಹೆಸರಿನಲ್ಲಿ ಇಲ್ಲಿಗೆ ಹೂವು ತರಬೇಡ ತಂಗಿ ಎಂದು ಬೈದೆನು. ಹೂವು ತರುವುದನ್ನು ಬಿಟ್ಟಳು, ಬರುವುದನ್ನು ಬಿಡಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಗೌಸಬಿಯು ಪರಿಹಾರ ಕೇಳಲು ಗಿರಣಿಗೆ ಹೋದಾಗ ಸಾವಕಾರರು, ನಿನ್ನ ಮಗ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಮೋರಟಗಿಯ ನಿಮ್ಮ ಬೀಗರ ಮನೆಯಲ್ಲಿ ದನದ ಮೇವಿನ ಕಣಿಕಿ ಕತ್ತರಿಸುವ ಯಂತ್ರಕ್ಕೆ ಕೈ ಕೊಟ್ಟುಕೊಂಡಿದ್ದಾನೆ, ಪಾಪ ಎಂದು ದವಾಖಾನೆಗೆ ಒಯ್ದಿದ್ದೇ ತಪ್ಪಾಯಿತು ಎಂದರಂತೆ. ಗಿರಣಿಯ ಆಳುಗಳೆಲ್ಲರೂ ಕೂಲಿ ಕಳೆದುಕೊಳ್ಳುವ ಭಯದಿಂದ ಬಾಯಿಗೆ ಬೀಗ ಹಾಕಿಕೊಂಡರು. ಆ ಮನೆಯಲ್ಲಿ ಬೇರೆ ಹಿರಿಯರಿಲ್ಲದ ಕಾರಣ ವಕೀಲರನ್ನು ಹುಡುಕಲು ತಾಯಿ ಮಗನ ಜೊತೆ ನಾನು ಹೋದೆನು.

ಮೊದಲು ಸಿಂದಗಿಯಲ್ಲಿಯೇ ಒಬ್ಬ ವಕೀಲರ ಬಳಿ ಹೋದೆವು. ಅವರು ಚಹಾ ತರಿಸಿ, ಎಲ್ಲವನ್ನೂ ಸಾವಕಾಶ ಕೇಳಿ, ಕೊನೆಗೆ ತಾವು ಗಿರಣಿಯ ವಕೀಲರೆಂದು ತಿಳಿಸಿದರು. ಮೊದಲೇ ಹೇಳಿದ್ದರೆ ಅವರ ಚಹಾ ಉಳಿಯುತ್ತಿತ್ತು. ನಂತರ ಬಿಜಾಪುರದಲ್ಲಿ ಇನ್ನೊಬ್ಬರನ್ನು ಕಂಡೆವು. ಡಾಕ್ಟರರ ಕಾಗದ ಇಲ್ಲ, ಗಿರಣಿಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಾಕ್ಷಿ ಇಲ್ಲ, ಕೇಸು ನಿಲ್ಲುವುದಿಲ್ಲವೆಂದು ಅವರು ನಿಂತಲ್ಲಿಯೇ ಹೇಳಿ ಕೋರ್ಟಿಗೆ ಹೋದರು. ಜೈನುದ್ದೀನ ಬಸ್ ಸ್ಟ್ಯಾಂಡಿನಲ್ಲಿ, ಇನ್ನು ಸಾಕು, ಮನೆಗೆ ಹೋಗೋಣ ಎಂದನು. ನನಗೆ ಸಿಟ್ಟು ಬಂದು, ಕೈ ನಿಂದು, ಸಾಕು ಅನ್ನಬೇಕಾದವರು ಸಾವಕಾರರು, ನೀನಲ್ಲ ಎಂದು ಗದರಿಸಿದೆನು.

ಮೇ ಕೊನೆಯಲ್ಲಿ ಇಂಡಿ ಊರಿನ ಗುರಲಿಂಗಪ್ಪ ವಕೀಲರ ಮನೆಗೆ ಹೋದೆವು. ಅವರು ಎಲ್ಲ ಕೇಳಿ, "ಕತ್ತರಿಸಿದ ಕೈ ಈಗ ಎಲ್ಲಿ ಐತಿ?" ಎಂದರು. ಅಲ್ಲಿಯವರೆಗೆ ಇದನ್ನು ಯಾರೂ ಕೇಳಿರಲಿಲ್ಲ. ನಾನು ಹೂತ ಸಂಗತಿ ಹೇಳಲಾಗಿ ಅವರು ಕುರ್ಚಿಯಿಂದ ಎದ್ದು ನಿಂತರು. ಕೈ ತಂದವನು ಗಿರಣಿಯ ಮುಕಾದಮ, ಹೂತವನು ನೀನು, ಬೇಕಾದರೆ ಅಧಿಕಾರಿಗಳ ಎದುರು ಅಗೆದು ಡಾಕ್ಟರರಿಗೆ ತೋರಿಸಬಹುದು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ವಕಾಲತನಾಮೆಗೆ ಜೈನುದ್ದೀನನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಬರುವಾಗ ಬಸ್ಸಿನಲ್ಲಿ ಗೌಸಬಿ ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು.

ವಕೀಲರು ಒಳ್ಳೆಯವರು, ಆದರೆ ಒಂದು ತಪ್ಪು ಮಾಡಿದರು. ಜೂನ್ ಎರಡನೆಯ ವಾರ ಗಿರಣಿಗೆ ಕಳಿಸಿದ ನೋಟೀಸಿನಲ್ಲಿ, ಸದರಿ ಕೈಯನ್ನು ಸಿಂದಗಿಯ ಕಬರಸ್ತಾನದಲ್ಲಿ ಅವನ ತಂದೆಯ ಗೋರಿಯ ಕಾಲ ಕಡೆ ಹೂಳಲಾಗಿದೆ ಎಂದು ಜಾಗದ ಸಮೇತ ಬರೆದುಬಿಟ್ಟರು. ದಿನಾಂಕ 18-6-1974 ರಂದು ಧರೆಪ್ಪ ನನ್ನ ಬಳಿ ಬಂದು, ನೋಟೀಸಿನ ಸಂಗತಿ ತಿಳಿಸಿ, "ನಾ ಕೈ ತಂದದ್ದು ಮರತು ಬಿಡ್ರಿ ಕಾಕಾ, ನನಗ ಮೂರು ಹೆಣ್ಣ ಮಕ್ಕಳದಾವ" ಎಂದನು. ಎಲ್ಲಿ ಯಾರು ಮಲಗಿದ್ದಾರೆಂದು ಮರೆತರೆ ನನ್ನ ಕೆಲಸ ನಡೆಯುವುದಿಲ್ಲ ಎಂದು ಹೇಳಿ ಕಳಿಸಿದೆನು. ಆ ದಿನವೇ ನಾನು ಎಚ್ಚರಾಗಬೇಕಿತ್ತು. ಸತ್ತವರ ಜಾಗಕ್ಕೆ ಯಾರೂ ಕೈ ಹಾಕಲಾರರು ಎಂದು ನಂಬಿದೆನು.

ಈ ದಿನ ದಿನಾಂಕ 22-6-1974 ಶನಿವಾರ ಬೆಳಿಗ್ಗೆ 6 ಗಂಟೆಗೆ ನೋಡಲಾಗಿ ಸಣ್ಣ ಗೋರಿ ಅಗೆದಿತ್ತು. ಕುಣಿ ಖಾಲಿ ಇತ್ತು, ಬಿಳಿ ಬಟ್ಟೆ ನಾಲ್ಕು ಮಾರು ದೂರ ಜಾಲಿಯ ಗಿಡಕ್ಕೆ ಸಿಕ್ಕಿತ್ತು. ನರಿ, ನಾಯಿ ಕೆದರಿದ್ದರೆ ನನಗೆ ತಿಳಿಯುತ್ತದೆ. ಇದು ಸಲಿಕೆಯಿಂದ ನೆಟ್ಟಗೆ ಕಡಿದದ್ದು. ಪಕ್ಕದ ಯಾವ ಗೋರಿಯನ್ನೂ ಮುಟ್ಟಿಲ್ಲ. ಜೈನುದ್ದೀನನನ್ನು ಕರೆಸಿದೆನು. ಅವನು ಕುಣಿಯಲ್ಲಿ ಬಗ್ಗಿ ನೋಡಿ, "ಇನ್ನ ನನ್ನ ಮಾತು ಯಾರ ನಂಬತಾರು ಕಾಕಾ?" ಎಂದನು. ಗೌಸಬಿ ಆ ಬಟ್ಟೆಯನ್ನು ಮುಳ್ಳಿನಿಂದ ಬಿಡಿಸಿ ಹರಿಯದಂತೆ ಮಡಚಿಕೊಂಡಳು.

ನಾನು ಠಾಣೆಗೆ ಹೊರಟಾಗ ಕಬರಸ್ತಾನದ ಬಾಗಿಲಲ್ಲಿ ಧರೆಪ್ಪ ನಿಂತಿದ್ದನು. ಒಳಗೆ ಬರಲಿಲ್ಲ. ತಾನು ಅಗೆಯಲಿಲ್ಲ, ಜಾಗ ಮಾತ್ರ ತೋರಿಸಿದೆನು, ಸಾವಕಾರರ ಆಳುಗಳು ಅದನ್ನು ಗಿರಣಿಯ ಹೊಟ್ಟಿನ ಬೆಂಕಿಯಲ್ಲಿ ಹಾಕಿದರು, ಈ ಮಾತನ್ನು ಠಾಣೆಯಲ್ಲಿ ಕೇಳಿದರೆ ಇಲ್ಲ ಅನ್ನುತ್ತೇನೆ ಎಂದು ತಿಳಿಸಿದನು. ಅವನು ಇಲ್ಲ ಅನ್ನಬಹುದು. ನಾನು ಕೇಳಿದ್ದನ್ನು ಬರೆಸಿದ್ದೇನೆ. ನಮ್ಮವರನ್ನು ಸುಡುವುದಿಲ್ಲ. ಜೈನುದ್ದೀನನಿಗೆ ಇದನ್ನು ಇನ್ನೂ ಹೇಳಿಲ್ಲ.

ಹೇಳಿಕೆ ಬರೆದುಕೊಳ್ಳುತ್ತಿರುವ ಹವಾಲ್ದಾರ್ ಸಾಹೇಬರು, ಕಳವಿನ ಪ್ರಕರಣವಾದ್ದರಿಂದ ಕಳುವಾದ ಮಾಲಿನ ಅಂದಾಜು ಕಿಮ್ಮತ್ತು ಬರೆಯಬೇಕಾಗುತ್ತದೆ, ಎಷ್ಟೆಂದು ಬರೆಯಲಿ ಎಂದು ಕೇಳಿದರು. ಪರಿಹಾರ ಕೊಡದೆ ಆ ಕೈಗೆ ಕಿಮ್ಮತ್ತು ಇಲ್ಲ ಎಂದವರು ಸಾವಕಾರರು. ಕಿಮ್ಮತ್ತು ಇಲ್ಲದ್ದನ್ನು ಅಗೆದು ಒಯ್ಯಲು ಆಳು ಕಳಿಸಿದ್ದು ಯಾಕೆಂದು ಅವರನ್ನು ಕರೆಸಿ ಕೇಳಬೇಕು. ಕಿಮ್ಮತ್ತು ಎಷ್ಟೆಂದು ನಾನು ಹೇಳಲಾರೆ, ಬಾಗಿಲ ಹೊರಗೆ ಕುಳಿತಿರುವ ಜೈನುದ್ದೀನನನ್ನು ಕೇಳಬಾರದೆಂದು ವಿನಂತಿಸಿಕೊಂಡೆನು. ಆ ಜಾಗ ಖಾಲಿ ಬಿಡಿ, ಆದರೆ ಸೊನ್ನೆ ಬರೆಯಬೇಡಿ ಎಂದು ಕೇಳಿಕೊಂಡಿದ್ದೇನೆ.

ಇಲ್ಲಿ ಬರೆದದ್ದನ್ನು ನನಗೆ ಓದಿ ಹೇಳಿದರು, ಕೇಳಿದೆನು. ನಾನು ಹೇಳಿದ್ದೇ ಇದೆ, ಸತ್ಯವಾಗಿದೆ, ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ.

ಸ್ಥಳ: ಸಿಂದಗಿ
ದಿನಾಂಕ: 22-6-1974

ಗುಡುಸಾಬ ತಂದೆ ಅಬ್ದುಲರಜಾಕ
ಇವರ ಎಡಗೈ ಹೆಬ್ಬೆಟ್ಟಿನ ಗುರುತು