ಪಖವಾಜಿಗಿ ಹಚ್ಚಿದ ಕಣಕ

ದೀಪ ಸಣ್ಣದು ಮಾಡು ತಂಗಿ... ಆರಸಬ್ಯಾಡ ಮತ್ತ. ಸಣ್ಣದು ಮಾಡು, ಸಾಕು.

ಇದು ಯಾರೋ ಹೇಳಿ ಯಾರೋ ಕೇಳಿದ್ದಲ್ಲ. ನಮ್ಮ ಚಿಗವ್ವನ ಮಗಳು ದ್ರೌಪದಿ, ಆಕಿ ಗಂಡ ಭಗವಂತ, ಅವರಿಬ್ಬರ ಮ್ಯಾಲ ಬಂದು ಹೋದ ಮಾತು. ಅವರಿಗಿ ಮೈತ್ರಿ ಅಂತ ಒಂದು ಹೆಣ್ಣು ಕೂಸು. ನಮ್ಮ ತೆಂಗಳಿ ಊರಾಗ ಅವರ ಮನಿಗೂ ನಮ್ಮ ಮನಿಗೂ ನಡುವ ಒಂದೇ ಗ್ವಾಡಿ. ಈ ಕಡಿ ನಾ ಕೆಮ್ಮಿದ್ರ ಆ ಕಡಿಂದ "ಏನಾತಕ್ಕಾ?" ಅಂತಿದ್ಲು. ಊರಾಗ ಎಸ್‌ಟಿಡಿ ಡಬ್ಬಿ ಹೊಸದಾಗಿ ಬಂದಿತ್ತು ನೋಡು, ಆಗಿಂದು.

ಭಗವಂತ ಹೆಗಲಿಗಿ ಪಖವಾಜ ಹಾಕ್ಕೊಂಡು ಕತ್ತಲದಾಗ ಮನಿಗಿ ಬರ್ಲಿಕತ್ತಿದ್ದ. ಆಡಕಿ ಊರಾಗ ಭಜನಿ ಇತ್ತು, ಮುಗಿಸಿ ಹೊಂಟಿದ್ದ. ನಮ್ಮೂರ ಹೊರಗ ಆಲದ ಮರ ಅದ, ಅದರ ಬುಡಕ ಬಾವಿ. ಯಾರೂ ನೀರು ಸೇದಂಗಿಲ್ಲ. ಅಲ್ಲಿ ಬರೂತನಕ ಹೆಗಲು ನೊಂದಿತ್ತು. ಬಾವಿ ಕಟ್ಟಿ ಮ್ಯಾಲ ಪಖವಾಜ ಇಳಿಸಿದ. ಆಗ ನೆಪ್ಪಾತು... ಎಡಗಡಿ ಬಾಯಿಂದು ಕಣಕ ತಗದೇ ಇಲ್ಲ.

ಕಣಕ ಅಂದ್ರ ಗೋದಿ ಹಿಟ್ಟು ನಾದಿದ್ದು. ಪಖವಾಜದ ಎಡಗಡಿ ಚರ್ಮಕ್ಕ ಅದು ಹಸೀದೇ ಹಚ್ಚಬೇಕು. ಹಚ್ಚಿದ್ರ "ಘುಂ..." ಅಂತ ಹೊಟ್ಟಿ ಒಳಗಿಂದ ದನಿ ಬರ್ತದ. ಹಚ್ಚಲಿಲ್ಲ ಅಂದ್ರ ಬರೇ "ಟಣ್, ಟಣ್", ಖಾಲಿ ಡಬ್ಬಿ ಬಡದಂಗ. ಭಜನಿ ಮುಗದ ಕೂಡ್ಲೆ ಕೆರದು ತಗೀಬೇಕು, ಮನಿಗಿ ತಂದು ಆಕಳಿಗಿ ಹಾಕಬೇಕು. ಕಂಡಕಂಡಲ್ಲಿ ಒಗೀಬಾರದು. ಅವರಪ್ಪನ ಕಾಲದಿಂದ ಬಂದ ಪದ್ಧತಿ ಅದು. ಭಗವಂತಗ ಅವತ್ತು ದಣಿವು. ಉಗುರಲೆ ಕೆರದ, ಉಂಡಿ ಮಾಡಿದ, ಬಾವ್ಯಾಗ ಒಗದೇ ಬಿಟ್ಟ.

ಗುಳುಂ ಅನ್ನಬೇಕಲ್ಲ? ಅನ್ನಲಿಲ್ಲ.

"ಪಟ್" ಅಂತು... ಯಾರೋ ಅಂಗೈಯಾಗ ಹಿಡದಂಗ.

ತಿರುಗಿ ನೋಡ್ತಾನ, ಮರದ ಬುಡಕ ಒಬ್ಬ ಮುದುಕ ನಿಂತಾನ. ತಲಿಗಿ ರುಮಾಲು. ಕೈಯಾಗ ದಾರಕ್ಕ ಕಟ್ಟಿದ ಕಂಚಿನ ತಾಳ. ಗಾಳಿಗಿ ಒಂದಕ್ಕೊಂದು ಬಡೀಲಿಕತ್ತಾವ, ಆದ್ರ ಸಪ್ಪಳ ಇಲ್ಲ.

"ಬಾರಸಾಂವ ನೀವೇ ಏನ್ರಿ?" ಮೆಲ್ಲಕ ಕೇಳಿದ.

"ಹೌದ್ರಿ."

"ಶನಿವಾರ ಬರ್ರಿ. ಚಂದಾಪುರದ ಆಚಿ... ನಮ್ಮಲ್ಲಿ ಭಜನಿ ಅದ. ಪಖವಾಜ ಬಾರಸಾಂವ ಇಲ್ಲ."

ಊರ ಹೆಸರೂ ಹೇಳಿದ. ಆ ಹೆಸರು ನಾ ಹೇಳಂಗಿಲ್ಲ ತಂಗಿ. ಅಲ್ಲಿ ಈಗೂ ಮಂದಿ ಅದಾರ, ಹೆಣ್ಣು ಕೊಟ್ಟಾರ, ಹೆಣ್ಣು ತಂದಾರ. ಅವರಿಗ್ಯಾಕ ಹೆಸರು ಕೆಡಸೂದು.

ಶನಿವಾರ ಮಧ್ಯಾಹ್ನ ಭಗವಂತ ಚಿಂಚೋಳಿ ಬಸ್ಸು ಹತ್ತಿದ. ದ್ರೌಪದಿ ಯಾವತ್ತಿನಂಗ ಒಂದು ಮುಟಗಿ ಕಣಕ ನಾದಿ, ಹಸಿ ಅರಿವ್ಯಾಗ ಸುತ್ತಿ, ಬುತ್ತಿ ಜೋಡಿ ಕಟ್ಟಿ ಕೊಟ್ಟಿದ್ಲು. ಜ್ವಾಳದ ರೊಟ್ಟಿ ತಿನ್ನೂ ಮನಿ ಅದು. ಗೋದಿ ಹಿಟ್ಟು ಇರೂದೇ ಪಖವಾಜಿನ ಸಲುವಾಗಿ, ಒಂದು ಸಣ್ಣ ಡಬ್ಬಿಯಾಗ.

ಐತವಾರ ಹೊತ್ತೇರಿದ ಮ್ಯಾಲ ತಿರುಗಿ ಬಂದ. ಮಾರಿ ಮ್ಯಾಲ ಏನ ಕಳೆ! "ದ್ರೌಪದಿ, ಅಂಥ ದನಿ ನಾ ಹುಟ್ಟಾ ಕೇಳಿಲ್ಲ. ಏನ ಹಾಡತಾರ ಮಂದಿ!" ಅಂದ.

ಆಕಿ ಗಂಟು ಬಿಚ್ಚಿದ್ಲು. ತಾ ಕೊಟ್ಟ ಕಣಕ ಹಂಗೇ ಅದ, ಒಣಗಿ ಬಿರಕ ಬಿಟ್ಟದ. ಪಖವಾಜದ ಗವಸಣಿ ಎತ್ತಿ ನೋಡಿದ್ಲು. ಎಡಗಡಿ ಬಾಯಿಗಿ ಬ್ಯಾರೇ ಕಣಕ! ಹಸಿ ಹಸಿ. ಅದರ ಮ್ಯಾಲ ಒತ್ತಿದ ಅಂಗೈ ಗುರುತು... ಸಣ್ಣ ಕೈ, ಹೆಣಮಗಳದು.

"ಮೈತ್ರಿ ಅಪ್ಪಾ, ಇದು ಯಾರ ಕಣಕ?"

"ಅಲ್ಲೇ ಒಬ್ಬಾಕಿ ನಾದಿ ಕೊಟ್ಳು."

"ಒಬ್ಬಾಕಿ ಅಂದ್ರ? ಹೆಸರಿಲ್ಲೇನು ಆಕಿಗಿ?"

"ನಾ ಕೇಳಿಲ್ಲ."

"ರಾತ್ರೆಲ್ಲಾ ಮಗ್ಗಲದಾಗ ಕುಂದ್ರಸ್ಕೊಂಡಿ, ಹೆಸರು ಕೇಳಿಲ್ಲ!"

"ಮಗ್ಗಲದಾಗ ಕುಂತಿದ್ಲು ಅಂತ ನಿನಗ ಯಾರು ಹೇಳಿದ್ರು?"

"ಈಗ ನೀನೇ ಹೇಳ್ದಿ."

ಗ್ವಾಡಿ ಈ ಕಡಿ ನನಗ ನಗು ಬಂತು. ಗಂಡಹೆಂಡ್ತಿ ಜಗಳ, ಮಜಾ ಅನಿಸ್ತು. ಆದ್ರ ಆಕಿ ಆ ಕಣಕ ಕೆರೀಲಾಕ ಕೈ ಹಾಕಿದಾಗ ಭಗವಂತ ಕೈ ಗಪ್ಪನ ಹಿಡದಾನ. ಹೆಂಡ್ತಿ ಮ್ಯಾಲ ಎಂದೂ ದನಿ ಏರಿಸಿದಾಂವಲ್ಲ. ಬಳಿ ಒಡೀತು, ಅಷ್ಟು ಬಿಗಿ. "ಮುಟ್ಟಬ್ಯಾಡ. ತೆಗೀಬ್ಯಾಡ ಅಂದಾಳ ಆಕಿ."

ಆಮ್ಯಾಲ ನನಗ ನಗು ಬರಲಿಲ್ಲ.

ವಾರೆಲ್ಲಾ ಆ ಕಣಕ ಒಣಗಲಿಲ್ಲ, ಹಳಸಲಿಲ್ಲ. ಬ್ಯಾಸಗಿ ಬಿಸಲಿಗಿ ಅಂಗಳದಾಗಿನ ಹಂಡೇದಾಗ ನೀರು ನಿಲ್ಲಂಗಿಲ್ಲ ನಮ್ಮ ಕಡಿ, ಇದು ಹ್ಯಾಂಗ ಹಸಿ ಉಳಿತದ? ಎಲ್ಲಾರೂ ಮಲಕ್ಕೊಂಡ ಮ್ಯಾಲ ಗ್ವಾಡಿ ಆ ಕಡಿಂದ ಒಂದೇ ಪೆಟ್ಟು ಕೇಳತಿತ್ತು... "ಘುಂ..." ಬೆಕ್ಕು ಹಾರಿರಬೇಕು ಅಂತ ಹೊದ್ಕೊಂಡು ಮಲಗತಿದ್ದೆ. ಅವರ ಮನ್ಯಾಗ ಬೆಕ್ಕು ಇಲ್ಲ, ನನಗ ಗೊತ್ತಿತ್ತು.

ಮತ್ತೊಂದು ಶನಿವಾರ ಹೋಗಿ ಬಂದ. ಈ ಸಲ ಮಾರ್ಯಾಗ ಕಳೆ ಇಲ್ಲ. ರೊಟ್ಟಿ ಮುರದು ಹಂಗೇ ಬಿಟ್ಟ. ಎಡಗೈ ತಣ್ಣಗ, ಮಣ್ಣಿನ ಕೊಡ ಮುಟ್ಟಿದಂಗ. ನಿದ್ದ್ಯಾಗ ಎದಿ ಮ್ಯಾಲ ತಾಳ ಹಾಕತಿದ್ದನಂತ. ಆಕಿ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದ್ಲು.

"ಎರಡು ಶನಿವಾರ ಆತು, ಮಂಗಳ ಹಾಡೇ ಇಲ್ಲ ಅವರು," ಅಂದ. "ಬೆಳಕಾತು ಅಂತ ನಾನೇ ಎದ್ದು ಬಂದೀನಿ. ಈ ಸಲ ಹಾಡತಾರಂತ."

ಮಂಗಳ ಅಂದ್ರ ಕಡೀ ಹಾಡು. ಎದ್ದು ನಿಂತು ಹಾಡತಾರ. ಅದಾದ ಮ್ಯಾಲ ಭಜನಿ ಮುಗೀತು, ಯಾರ ಮನಿಗಿ ಅವರು.

"ಹಾಡಲಿ. ಆಮ್ಯಾಲ ಮನಿಗಿ ಬರ್ತಿ."

ಅಂವ ಗಂಗಾಳ ಆಚಿ ಸರಿಸಿದ. "...ಮಂಗಳ ಆದ ಮ್ಯಾಲ ನಮ್ಮಲ್ಲೇ ಇರು ಅಂದಾಳ."

"ನೀ ಏನಂದಿ?"

"ಹೂಂ ಅಂದೀನಿ."

ದ್ರೌಪದಿ ನಮ್ಮ ಮನಿಗಿ ಓಡಿ ಬಂದು ಅತ್ಲು. "ಅಕ್ಕಾ, ಯಾವಾಕಿನೋ ನನ್ನ ಗಂಡನ್ನ ಇಟ್ಕೋತಾಳ. ಮೈತ್ರಿನ್ನ ಕಟ್ಕೊಂಡು ನಾ ಎಲ್ಲಿ ಹೋಗ್ಲಿ?"

ಅವತ್ತೇ ಬಳಿ ಮಾರೂ ನೂರಜಹಾನ್ ಬಂದಿದ್ಲು. ಒಡದ ಬಳಿ ನೋಡಿ ಚಾಷ್ಟಿ ಮಾಡಿದ್ಲು. "ಏನ ದ್ರೌಪದಿ, ಗಂಡ ಬಳಿ ಒಡಸೂ ಅಷ್ಟು ಪ್ಯಾರ ಮಾಡ್ತಾನೇನು?"

"ಪ್ಯಾರ ಬ್ಯಾರೇ ಕಡಿ ನಡದದ ಬೀ. ಬಾ ತೋರಸ್ತೀನಿ."

ಭಗವಂತ ಕೂಲಿಗಿ ಹೋಗಿದ್ದ. ಆ ಊರ ಹೆಸರು, ಭಜನಿ ಎಲ್ಲಾ ಹೇಳ್ಕೋತ ಮೂವರೂ ಒಳಗ ಹೋದ್ವಿ. ನೂರಜಹಾನ್ ಬುಟ್ಟಿ ಇಳಿಸಿ, ಕಣಕದ ಮ್ಯಾಲಿನ ಗುರುತಿಗಿ ಬಗ್ಗಿ ನೋಡಿದ್ಲು. "ಹತ್ತೂರ ಕೈ ಹಿಡದೀನಿ ನಾ. ಎಳೇ ಕೈ ಇದು. ಎಲ್ಲಾಕಿಂತ ಸಣ್ಣ ಬಳಿ ಸೈತ ಸಡಲ..."

ಇನ್ನೂ ಹತ್ರ ಬಗ್ಗಿದ್ಲು.

"ದ್ರೌಪದಿ... ಗೆರಿ ಎಲ್ಲವ?"

"ಯಾವ ಗೆರಿ?"

"ನಿನ್ನ ಕೈ ಒತ್ತು ನೋಡು."

ಆಕಿ ಒಂದು ಚೂರು ಹಿಟ್ಟು ನಾದಿ ಅಂಗೈ ಒತ್ತಿದ್ಲು. ಅಂಗೈದು ಗೆರಿ, ಬೆರಳಿಂದು ಸುತ್ತು, ಎಲ್ಲಾ ಎದ್ದು ಕಂಡ್ವು. ಪಖವಾಜದ ಮ್ಯಾಲಿನ ಗುರುತು ಮಾತ್ರ ತಿಕ್ಕಿದ ಫರಸಿ ಕಲ್ಲು ಇದ್ದಂಗ, ನುಣ್ಣಗ. ಒಂದು ಗೆರಿ ಇಲ್ಲ.

ನೂರಜಹಾನ್ ಬುಟ್ಟಿ ಎತ್ತಿ ತಲಿ ಮ್ಯಾಲಿಟ್ಕೊಂಡ್ಲು. ಅವತ್ತು ಬಳಿ ಸೈತ ತೊಡಸಲಿಲ್ಲ. ಬಾಗಲದಾಗ ನಿಂತು ಪಿಸಪಿಸ ಅಂದ್ಲು, "ಆ ಊರಿಗಿ ನಾ ಹೋಗ್ತಿರ್ತೀನಿ. ಅಲ್ಲಿ ಭಜನಿ ನಿಂತು ಜಮಾನಾ ಆತು. ಯಾಕ ನಿಂತದ ಅಂತ ಮಾತ್ರ ಕೇಳಬ್ಯಾಡ."

ನಾ ಹೇಳ್ದೆ, "ದ್ರೌಪದಿ, ಗಂಡನ್ನ ಬಿಡಬ್ಯಾಡ, ಒಳಗ ಹಾಕಿ ಕೀಲಿ ಜಡಿ."

"ಕೀಲಿಗಿ ನಿಲ್ಲಂಗಿಲ್ಲಕ್ಕಾ ಅಂವ. ನಾನೇ ಜೋಡಿ ಹೋಗ್ತೀನಿ. ಗೆರಿ ಇಲ್ದಾಕಿನೇ ಇರಲಿ, ಕೊಂಬ ಇದ್ದಾಕಿನೇ ಇರಲಿ, ನನ್ನ ಗಂಡನ್ನ ಇಟ್ಕೋತೀನಿ ಅನ್ಲಾಕ ಆಕಿ ಯಾರು?"

ಶನಿವಾರ ಮೈತ್ರಿನ್ನ ನನ್ನ ಉಡ್ಯಾಗ ಹಾಕಿದ್ಲು. ತಾ ನಾದಿದ ಕಣಕ ಹಸಿ ಅರಿವ್ಯಾಗ ಸುತ್ತಿ ಸೆರಗಿಗಿ ಕಟ್ಕೊಂಡ್ಲು. ಭಗವಂತ ಪಖವಾಜ ಹೆಗಲಿಗಿ ಹಾಕ್ಕೊಂಡು ಮುಂದ ನಡದ. ಇಬ್ಬರೂ ಬಸ್ಸು ಹತ್ತಿದ್ರು. ಚಂದಾಪುರದಾಗ ಇಳದು ಭಾಳ ದೂರ ನಡದ್ರು. ಊರು ಬಲಕ್ಕ ಉಳೀತು, ದೀಪ ಕಾಣತಿದ್ವು. ಅಂವ ಎಡಕ್ಕ ಹೊಳ್ಳಿದ.

ಅಲ್ಲಿ ಒಂದು ಮನಿ. ಶಹಾಬಾದ ಫರಸಿ ಹೊದಿಸಿದ ಮಾಳಗಿ. ಒಳಗ ಒಂದು ಕಂದೀಲು. ಎರಡು ಸಾಲಾಗಿ ಮಂದಿ ಕುಂತಾರ, ಗಂಡಸರು ಈ ಕಡಿ, ಹೆಂಗಸರು ಆ ಕಡಿ. ರುಮಾಲಿನ ಮುದುಕ ನಡುವ. ಭಗವಂತ ಕುಂತು ಬಾರಸ್ಲಾಕ ಸುರು ಮಾಡಿದ. "ಘುಂ ತಿಟ... ಘುಂ ತಿಟ..."

ದ್ರೌಪದಿ ಹೆಂಗಸರ ಸಾಲಿನ ತುದಿಗಿ ಕುಂತ್ಲು. ಜರಾ ಹೊತ್ತಿನ ಮ್ಯಾಲ ಕಿವಿ ಕೊಟ್ಟು ಕೇಳಿದ್ಲು.

ಅವರೆಲ್ಲಾ ಬಾಯಿ ತೆರೀಲಿಕತ್ತಾರ... ಹಾಡು ಕೇಳವಲ್ದು. ತಾಳ ಬಡೀಲಿಕತ್ತಾರ, ಚಪ್ಪಾಳಿ ಹೊಡೀಲಿಕತ್ತಾರ... ಸಪ್ಪಳಿಲ್ಲ. ಇಡೀ ಮನ್ಯಾಗ ಪಖವಾಜದ ದನಿ ಒಂದೇ. ಭಗವಂತ ಮಾತ್ರ ಕಣ್ಣು ಮುಚ್ಚಿ, "ಆಹಾ" ಅಂತ ತಲಿ ತೂಗ್ಲಿಕತ್ತಾನ.

ಅವನ ಎಡ ಮಗ್ಗಲದಾಗ ಆ ಕಣಕದಾಕಿ ಕುಂತಿದ್ಲು. ಎಳೇ ಹೆಣಮಗಳು, ಹಸರ ಸೀರಿ. ನಡುನಡುವ ಬೆರಳು ಒದ್ದಿ ಮಾಡಿ ಕಣಕಕ್ಕ ನೀರು ಸವರತಿದ್ಲು. ಕೈ ಎತ್ತಿದಾಗ ಕಂದೀಲ ಬೆಳಕು ಅಂಗೈ ಮ್ಯಾಲ ಬಿತ್ತು. ಗಂಗಾಳ ತೊಳದಿಟ್ಟಂಗ, ಬಯಲು.

ಅಷ್ಟರಾಗ ಎಲ್ಲಾರೂ ಒಮ್ಮೆಗೇ ಎದ್ದು ನಿಂತ್ರು.

ಮಂಗಳ.

ಭಗವಂತನ ಪೆಟ್ಟು ನಿಧಾನಾತು. "ಘುಂ... ಘುಂ..." ದ್ರೌಪದಿ ಎದ್ದ ರಭಸಕ್ಕ ಪಖವಾಜದ ಮುಂದ ಹೋಗಿ ಬಿದ್ದಳಂತ. ಐದೂ ಬೆರಳು ಹಾಕಿ ಆ ಕಣಕ ಜಗ್ಗಿದ್ಲು. "ಚರ್‍ರ್..." ಚರ್ಮ ಸುಲದಂಗ.

ಭಗವಂತನ ಕೈ ಬಿತ್ತು. "ಟಣ್!"

ತೆರದ ಬಾಯೆಲ್ಲಾ ಮುಚ್ಚಿದ್ವು. ಎಲ್ಲಾರೂ ಈಕಿ ಕಡಿ ನೋಡ್ಲಿಕತ್ತಾರ. ಆ ಹೆಣಮಗಳು ಮೆಲ್ಲಕ ಅಂದ್ಲು, ಆ ಮನ್ಯಾಗ ಈಕಿ ಕಿವಿಗಿ ಬಿದ್ದ ಮಾತು ಅದೊಂದೇ... "ತಿರುಗಿ ಹಚ್ಚು... ಕಣಕ ಅಂವನೇ ನನಗ ಕೊಟ್ಟಾನ. ಬಾವ್ಯಾಗ ಒಗದಾನ."

"ತಿಳೀದೇ ಒಗದಾನ. ನಿಂದು ನೀ ತಗೋ. ನಂದು ನನಗ ಬಿಡು."

ಈಕಿ ಕೈಯಾಗಿನ ಕಣಕ ಒಗದ್ಲು. ಆಕಿ ಹಿಡದ್ಲು. "ಪಟ್."

ದ್ರೌಪದಿ ಸೆರಗಿನ ಗಂಟು ಬಿಚ್ಚಿ ತನ್ನ ಕಣಕ ಚರ್ಮಕ್ಕ ಒತ್ತಿದ್ಲು. ಗಂಡನ ಕೈ ಹಿಡದು ಅದರ ಮ್ಯಾಲ ಬಡದ್ಲು. "ಘುಂ..." ಮನಿ ದನಿ ಅದು. ಭಗವಂತ ಕಣ್ಣು ತೆರದ. "ದ್ರೌಪದಿ, ಹಾಡು ಯಾಕ ನಿಂತು?"

"ಹಾಡೇ ಇದ್ದಿಲ್ಲ. ಏಳು. ಬಾರಸ್ಕೋತ ನಡಿ, ಕೈ ನಿಲ್ಲಿಸಬ್ಯಾಡ. ಹಿಂದ ನೋಡಬ್ಯಾಡ."

ಅಂವ ಬಾರಸ್ಕೋತ, ಈಕಿ ಅವನ ಅಂಗಿ ಹಿಡಕೊಂಡು, ಡಾಂಬರ ರಸ್ತಾ ಸಿಗೂತನಕ ನಡದ್ರು. ಅಷ್ಟೂ ಹೊತ್ತು ಹಿಂದಿಂದ ತಾಳದ ಸಪ್ಪಳ ಬರ್ತಿತ್ತು. ಈಗ ಕೇಳತಿತ್ತು ನೋಡು... "ಛಿಣ್... ಛಿಣ್..." ರಸ್ತಾ ಮುಟ್ಟಿದ ಮ್ಯಾಲ ನಿಂತೇ ಹೋತು.

ಐತವಾರ ಮುಂಜಾನಿ ನಮ್ಮ ಬಾಗಲಿಗಿ ಬಂದಾಗ ಇಬ್ಬರ ಮಾರೀನೂ ಸುಣ್ಣ ಬಳದಂಗ ಇತ್ತು. ದ್ರೌಪದಿ ಮೊದಲ ಕಣಕ ಕೆರದು ಆಕಳಿಗಿ ಹಾಕಿದ್ಲು. ಆಕಳು ತಿಂತು. ಆಮ್ಯಾಲ ಮೈತ್ರಿನ್ನ ಎತ್ಕೊಂಡ್ಲು. ಭಗವಂತ ಅವತ್ತು ನಾಕು ರೊಟ್ಟಿ ತಿಂದ. ಆ ಕಡಿ ಮತ್ತ ಎಂದೂ ಹೋಗಲಿಲ್ಲ.

ನನಗೂ ಮೊದಲ ಸಂಶೇ ಇತ್ತು ತಂಗಿ. ಬ್ಯಾರೇದಾಕಿ ಮಾತು ಮುಚ್ಚಲಾಕ ಗಂಡಹೆಂಡ್ತಿ ಕೂಡಿ ಕತಿ ಕಟ್ಟ್ಯಾರೇನೋ ಅಂದ್ಕೊಂಡಿದ್ದೆ. ಮುಂದ ಮೈತ್ರಿನ್ನ ಸಾಲಿಗಿ ಹಚ್ಚೂ ಹೊತ್ತಿಗಿ ನಾನೂ ಜೋಡಿ ಹೋಗಿದ್ದೆ. ಭಗವಂತಗ ಸಹಿ ಬರಂಗಿಲ್ಲ. ಮಾಸ್ತರ ಎಡಗೈ ಹೆಬ್ಬಟ್ಟಿಗಿ ಶಾಯಿ ಹಚ್ಚಿ ಒತ್ತಿಸಿದ್ರು. ನೋಡಿದ್ರು. "ಸರಿ ಬಿದ್ದಿಲ್ಲಪ್ಪ, ಇನ್ನೊಮ್ಮಿ ಒತ್ತು" ಅಂದ್ರು. ಇನ್ನೊಮ್ಮಿ ಒತ್ತಿದ. ಒರಸಿ, ಹೊಸಾ ಶಾಯಿ ಹಚ್ಚಿ, ಮತ್ತ ಒತ್ತಿಸಿದ್ರು.

ನಾ ಅಲ್ಲೇ ನಿಂತಿದ್ದೆ, ಈ ಕಣ್ಣಲೇ ನೋಡೀನಿ. ಕಾಗದದ ಮ್ಯಾಲ ನೀಲಿ ಚುಕ್ಕಿ ಬೀಳತಿತ್ತು, ಅವರಿಕಾಳಿನಷ್ಟು, ನುಣ್ಣಗ. ಕಡೀಗಿ ಮಾಸ್ತರ ಬ್ಯಾಸತ್ತು, ಬಲಗೈ ಹೆಬ್ಬಟ್ಟು ಒತ್ತಿಸ್ಕೊಂಡ್ರು.